ಗಲ್ಲಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್

ಅಮರಪ್ಪನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಶೀನು ನಡೆಸುತ್ತಾನೆ. ಕೆಲಸದಲ್ಲಿ ಅಚ್ಚುಕಟ್ಟು, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಹೆಂಡತಿ ಸುಮಂಗಲಾ ಹಾಲಿನವನ ಹತ್ತಿರ ಒಂದು ಮಾತು ಹೆಚ್ಚಿಗೆ ಆಡಿದರೆ ಆ ದಿನ ಅವನಿಗೆ ಚಹಾ ರುಚಿಸುವುದಿಲ್ಲ. ಪಕ್ಕದ ಮನೆಯವರು ಹೊಸ ಟಿವಿ ತಂದರೆ ಸಂಕಟ. ಹೆಂಡತಿ ಆ ಟಿವಿ ನೋಡಲು ಹೋದರೆ ಇನ್ನೂ ಸಂಕಟ.

ಗಂಡ ಹೆಂಡತಿ ಇಬ್ಬರೂ ಕುಷ್ಟಗಿ ಕಡೆಯವರು. ಪೀಣ್ಯ ಎರಡನೇ ಹಂತದ ಹಿಂದಿನ ಗಲ್ಲಿಯಲ್ಲಿ, ಶ್ಯಾಮಣ್ಣನವರ ಕಟ್ಟಡದ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದರು. ಸುಮಂಗಲಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಗಿರಾಕಿಗಳು ತಮಗೆ ಬೇಕಾದ ಕುತ್ತಿಗೆ ಡಿಸೈನನ್ನು ಅವಳ ಫೋನಿಗೆ ಕಳಿಸುತ್ತಿದ್ದರು. ಇವಳು ಹೊಲಿದು ಫೋಟೋ ತೆಗೆದು ಅವರಿಗೆ ಕಳಿಸುತ್ತಿದ್ದಳು. ಅದಕ್ಕಾಗಿಯೇ ಅಮರಪ್ಪ ಪ್ರೀತಿಯಿಂದ ಮನೆಗೆ ವೈಫೈ ಹಾಕಿಸಿದ್ದ. ಕೇಬಲ್‌ನವರ ಕಡೆಯ ಹುಡುಗ ಬಂದು, ಅಡುಗೆಮನೆ ಕಿಟಕಿಯ ಸಂದಿಯಿಂದ ವೈರು ಎಳೆದು, ಆ ಕಿಟಕಿಯ ಪಕ್ಕದಲ್ಲೇ ಗೋಡೆಗೆ ರೂಟರ್ ಪೆಟ್ಟಿಗೆ ಹೊಡೆದು ಹೋಗಿದ್ದ.

ಎರಡು ಸಾವಿರದ ಹದಿನೇಳನೆಯ ಇಸವಿಯ ಬೇಸಿಗೆ. ಸಂಜೆ ಶಿಫ್ಟ್ ಮುಗಿಸಿ ಬಂದ ಅಮರಪ್ಪನ ಕಣ್ಣಿಗೆ ಒಬ್ಬ ಯುವಕ ಬಿದ್ದ. ಅವನು ಅಡುಗೆಮನೆ ಕಿಟಕಿಯ ಹೊರಗೆ, ಗೋಡೆಗೆ ಒಂದು ಕಾಲು ಕೊಟ್ಟು, ನಗುತ್ತಾ ನಿಂತಿದ್ದ. ಕ್ರಾಪು ನೀಟಾಗಿ ಬಾಚಿಕೊಂಡಿದ್ದ. ಮಾರನೆಯ ದಿನವೂ ಅಲ್ಲೇ, ಅದೇ ನಗು. ಅಮರಪ್ಪನ ಮೈಯೆಲ್ಲ ಉರಿಯಿತು.

"ಯಾರ ಅವಾ?" ಎಂದು ಒಳಗೆ ಬಂದವನೇ ಕೇಳಿದ.

"ಯಾರ?"

"ಕಿಟಕಿ ಹೊರಗ ನಿಂತು ಹಲ್ಲು ಕಿಸಿಯಾಕತ್ತಾನಲ್ಲ, ಅವಾ."

ಸುಮಂಗಲಾ ಇಣುಕಿ ನೋಡಿದಳು. "ನನಗೇನ್ ಗೊತ್ರಿ? ಹಿಂದಿನ ರೂಮಿನ ಹುಡುಗ ಇರಬೇಕು."

"ಹಿಂದಿನ ರೂಮಿನವ ಅಂತ ನಿನಗ ಹೆಂಗ ಗೊತ್ತಾತು?"

ಇಂಥ ಪ್ರಶ್ನೆಗೆ ಯಾವ ಹೆಂಡತಿ ಏನೆಂದು ಉತ್ತರ ಕೊಡಬೇಕು? ಸುಮಂಗಲಾ ಒಲೆಯ ಕಡೆ ತಿರುಗಿದಳು. ಅದೂ ಅಮರಪ್ಪನಿಗೆ ತಪ್ಪಾಗಿಯೇ ಕಂಡಿತು. ಅಂದಿನಿಂದ ಅವನು ಹೆಂಡತಿಯ ತಲೆಯ ಹೂವನ್ನೂ ಅನುಮಾನದಿಂದ ನೋಡತೊಡಗಿದ. ಮೇಸ್ತ್ರಿಗೆ ತಲೆನೋವೆಂದು ಹೇಳಿ ಬೇಗ ಮನೆಗೆ ಬರತೊಡಗಿದ. ಕಿಟಕಿ ತೆರೆಯಬೇಡ ಎಂದ. ಅವಳು ಮುಚ್ಚಿದಳು. ಕಿಟಕಿ ಮುಚ್ಚಿದ ಮೇಲೆ ಹೊರಗಿನವನು ಇನ್ನೂ ಹತ್ತಿರ ಬಂದು, ಗೋಡೆಗೆ ಅಂಟಿಕೊಂಡಂತೆ ನಿಂತ.

ಇದರ ನಡುವೆ ಇನ್ನೊಂದು ತೊಂದರೆ ಶುರುವಾಯಿತು. ಸುಮಂಗಲಾಳ ಫೋನಿನಲ್ಲಿ ಫೋಟೋ ಹೋಗುತ್ತಲೇ ಇರಲಿಲ್ಲ. ಡಿಸೈನ್ ನೋಡಲು ಹೋದರೆ ಬರೀ ಚಕ್ರ ಸುತ್ತುತ್ತಿತ್ತು. ಮದುವೆ ಸೀಸನ್ನು, ಗಿರಾಕಿಗಳು ಬೇರೆ ಟೈಲರ್ ಹುಡುಕತೊಡಗಿದರು. ಅಮರಪ್ಪ ಕೇಬಲ್‌ನವರಿಗೆ ಫೋನ್ ಮಾಡಿ ಬೈದ.

"ನಮ್ದೇನೂ ಪ್ರಾಬ್ಲಂ ಇಲ್ಲ ಸಾರ್. ನಿಮ್ಮ ಪ್ಯಾಕ್ ಆಗಲೇ ಖಾಲಿಯಾಗೋಗಿದೆ. ಅದಕ್ಕೇ ಸ್ಲೋ ಆಗಿದೆ. ಮನೇಲಿ ಯಾರೋ ವಿಡಿಯೋ ಜಾಸ್ತಿ ನೋಡ್ತಿದಾರೆ" ಎಂದರು ಅತ್ತಲಿಂದ.

ಅಮರಪ್ಪ ಫೋನ್ ಇಟ್ಟು ಹೆಂಡತಿಯ ಮುಂದೆ ಬಂದು ನಿಂತ. "ತಿಂಗಳ ಅರ್ಧಕ್ಕ ನೆಟ್ ಖಾಲಿ ಅಂತ. ಯಾರ ಜೋಡಿ ಮಾತಾಡಿ ಖಾಲಿ ಮಾಡಿದಿ?"

"ನಾ ಬ್ಲೌಸ್ ಹೊಲಿತೀನೋ, ಮಾತಾಡ್ತೀನೋ? ಎರಡೂ ಕೈ ಬಟ್ಟಿ ಮ್ಯಾಲ ಇರ್ತಾವ. ಬೇಕಾದ್ರ ಫೋನ್ ನೋಡ್ರಿ."

"ನೋಡೀನಿ. ಏನೂ ಇಲ್ಲ. ಅಳಿಸಿ ಹಾಕಿರ್ತಿ."

ಸುಮಂಗಲಾ ಹೊಲಿಯುವುದನ್ನು ನಿಲ್ಲಿಸಿದಳು.

"ಈ ನೆಟ್ ಕಿತ್ತು ಒಗಿತೀನಿ. ನೀ ಸ್ವಲ್ಪ ದಿನ ತವರಿಗೆ ಹೋಗಿ ಇರು" ಎಂದ ಅಮರಪ್ಪ.

"ಹೋಗ್ತೀನಿ. ಆದ್ರ ಸ್ವಲ್ಪ ದಿನಕ್ಕ ಅಲ್ಲ."

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಹೋಗಬೇಡ ಎನ್ನಬೇಕೆಂದು ಅಮರಪ್ಪನಿಗೂ ಅನಿಸಿತು. ಆದರೆ ಹೊಟ್ಟೆಕಿಚ್ಚಿನ ಮನುಷ್ಯನ ಬಾಯಿಂದ ಸಮಾಧಾನದ ಮಾತು ಸುಲಭಕ್ಕೆ ಬರುತ್ತದೆಯೇ?

ಭಾನುವಾರ ಸುಮಂಗಲಾ ಬ್ಯಾಗಿಗೆ ಸೀರೆ ತುಂಬಿಕೊಂಡಳು. ಹೊಲಿಗೆ ಮಶೀನಿಗೆ ಬಟ್ಟೆ ಹೊದಿಸಿದಳು. ಗೊರಗುಂಟೆಪಾಳ್ಯದಲ್ಲಿ ಸಂಜೆಯ ಬಸ್ಸು ಹತ್ತುವುದೆಂದು ಅಣ್ಣನಿಗೆ ತಿಳಿಸಿಯೂ ಆಯಿತು. ಅಮರಪ್ಪ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಅಷ್ಟರಲ್ಲಿ ಆ ಯುವಕ ಬಂದು ಕಿಟಕಿಯ ಪಕ್ಕ ನಿಂತು ನಗತೊಡಗಿದ.

ಅಮರಪ್ಪ ಓಡಿಹೋಗಿ ಅವನ ಕಾಲರ್ ಹಿಡಿದ. "ಏನಲೇ, ನನ್ನ ಹೆಂಡ್ತಿನ ನೋಡಿ ನಗ್ತೀಯೇನ? ಹೆಸರೇನಲೇ ನಿಂದು?"

"ಹನುಮೇಶ ರೀ ಅಣ್ಣ. ಬಿಡ್ರಿ, ನಾ ಯಾರನ್ನೂ ನೋಡಿಲ್ಲ! ನಾ ಫೋನ್ ನೋಡಾಕತ್ತಿದ್ದೆ!"

ಆಗ ಹನುಮೇಶನ ಕೈಯಲ್ಲಿದ್ದ ಫೋನಿನಿಂದ ಒಂದು ಹೆಣ್ಣಿನ ದನಿ ಕೇಳಿಸಿತು. "ಯಾರ ಹೆಂಡ್ತಿ? ಹನುಮೇಶ, ಯಾರ ಹೆಂಡ್ತಿನ ನೋಡಿ ನಗಾಕತ್ತಿದ್ದಿ ನೀ? ನನ್ನ ಜೋಡಿ ಮಾತಾಡೂ ಮುಂದ ನಗೂದು ಆಕಿ ಸಲುವಾಗೇನ?"

ಅಮರಪ್ಪ ಪೆಚ್ಚಾಗಿ ಫೋನ್ ನೋಡಿದ. ಪರದೆಯ ಮೇಲೆ ಒಬ್ಬ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಇವನನ್ನೇ ದಿಟ್ಟಿಸುತ್ತಿದ್ದಳು. ಅವಳು ಭಾಗ್ಯಶ್ರೀ, ಸಿಂಧನೂರಿನವಳು. ಹನುಮೇಶನಿಗೂ ಅವಳಿಗೂ ಈಚೆಗಷ್ಟೇ ನಿಶ್ಚಯವಾಗಿತ್ತು. ಪಾಪದ ಹನುಮೇಶ ಈ ಕಡೆ ಕಾಲರ್ ಬಿಡಿಸಿಕೊಳ್ಳಬೇಕೋ, ಆ ಕಡೆ ಮದುವೆ ಉಳಿಸಿಕೊಳ್ಳಬೇಕೋ ತಿಳಿಯದೆ ಒದ್ದಾಡಿದ.

ಗಲಾಟೆ ಕೇಳಿ ಗಲ್ಲಿಯವರೆಲ್ಲ ಸೇರಿದರು. ಮೇಲಿನ ಮನೆಯಿಂದ ಶ್ಯಾಮಣ್ಣ ಇಳಿದು ಬಂದರು, ಹಿಂದೆಯೇ ಅವರ ಮಗಳು ಆಶಾರಾಣಿ ಬಂದಳು. ಆಶಾರಾಣಿ ದಾಸರಹಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ.

"ಇದ್ಯಾಕಪ್ಪಾ ಅಮರಪ್ಪ, ಇಂಗೆ ಬೀದೀಲಿ ಕೂಗಾಡ್ತಿದ್ದೀಯಾ? ಬುಡು ಅವನ್ನ" ಎಂದರು ಶ್ಯಾಮಣ್ಣ.

ಆಶಾರಾಣಿ ಹನುಮೇಶನನ್ನು ಕೇಳಿದಳು. "ನೀನ್ಯಾಕಪ್ಪಾ ದಿನಾ ಇಲ್ಲೇ ಬಂದು ನಿಂತ್ಕೋತೀಯಾ? ನಿನ್ನ ರೂಮಲ್ಲಿ ಮಾತಾಡಕ್ಕಾಗಲ್ವಾ?"

"ರೂಮಿನಾಗ ಸಿಗ್ನಲ್ ಸಿಗಂಗಿಲ್ಲ ಅಕ್ಕಾರ. ಈ ಕಿಟಕಿ ಹತ್ರ ಅಣ್ಣಾರ ವೈಫೈ ಚಲೋ ಸಿಗ್ತೈತಿ."

"ಅವರ ವೈಫೈ ಪಾಸ್‌ವರ್ಡ್ ನಿಂಗೆ ಹೆಂಗೆ ಗೊತ್ತು?"

ಹನುಮೇಶ ಮುಗ್ಧವಾಗಿ ಹೇಳಿದ. "ಎಲ್ಲಾರಿಗೂ ಗೊತ್ತಲ್ರಿ. ಸುಮಂಗಲಾ ಒನ್ ಟೂ ತ್ರೀ."

ಅಮರಪ್ಪನ ಕೈ ಮತ್ತೆ ಅವನ ಕಾಲರಿಗೆ ಹೋಯಿತು. "ನನ್ನ ಹೆಂಡ್ತಿ ಹೆಸರು ತಗೊಳ್ಳಾಕ ನೀ ಯಾರಲೇ?"

"ನೀವೇ ಹೇಳಿಸಿದ್ರಲ್ರಿ ಅಣ್ಣ, ಗಣಪತಿ ಪೆಂಡಾಲಿನ ಮೈಕ್‌ನಾಗ!"

ಗಲ್ಲಿ ಗೊಳ್ಳೆಂದು ನಕ್ಕಿತು. ಹೋದ ವರ್ಷ ನಡೆದದ್ದು ಇಷ್ಟು. ಅಮರಪ್ಪನ ಮನೆಯ ಪಕ್ಕದಲ್ಲೇ ಗಣಪತಿ ಕೂರಿಸಿದ್ದರು. ಎದುರುಮನೆಯ ಚಿಕ್ಕಬೈರಪ್ಪ ಹೂವಿನ ಅಲಂಕಾರ ಮಾಡಿಸಿದ. ಮೈಕ್‌ನಲ್ಲಿ ಅವನ ಹೆಸರನ್ನು ಕೂಗಿದ್ದೇ ಕೂಗಿದ್ದು. ಅಮರಪ್ಪನಿಗೆ ತಡೆಯಲಾಗಲಿಲ್ಲ. ಹಾಡು ಹಾಕಲು ಹುಡುಗರಿಗೆ ನೆಟ್ ಬೇಕಿತ್ತು. ನಂದೇ ವೈಫೈ ತಗೊಳ್ರಿ, ಆದ್ರ ನನ್ನ ಹೆಸರೂ ಕೂಗ್ರಿ ಎಂದು ತಾನೇ ಹೋಗಿ ಪಾಸ್‌ವರ್ಡ್ ಕೊಟ್ಟು ಬಂದ. ಮೈಕ್‌ನಲ್ಲಿ ತನ್ನ ಹೆಸರು ಕೇಳಿದ ಹಿಗ್ಗಿನಲ್ಲಿ ಉಳಿದ ಮಾತು ಅವನ ತಲೆಗೆ ಹೋಗಲೇ ಇಲ್ಲ. ಆಗ ಮೈಕ್ ಹಿಡಿದಿದ್ದವರು ಬೇರಾರೂ ಅಲ್ಲ, ಶ್ಯಾಮಣ್ಣನವರೇ. ಅವರು ಈಗ ಗಡ್ಡ ಕೆರೆದುಕೊಂಡರು.

"ಔದು ಕಣಮ್ಮ, ನಾನೇ ಕೂಗಿದ್ದು. ಅಮರಪ್ಪನವರ ವೈಫೈ ಸೇವೆ, ಭಕ್ತಾದಿಗಳು ಸದುಪಯೋಗ ಪಡಿಸ್ಕಬೇಕು ಅಂತ. ಎಲ್ಲಾ ಸಣ್ಣಕ್ಷರ, ಮಧ್ಯ ಜಾಗ ಬುಡಬೇಡಿ ಅಂತಾನೂ ಬುಡಿಸಿ ಯೋಳಿದ್ದೆ. ನಾನೂ ಅದ್ರಲ್ಲೇ ದಿನಾ ವಾರ್ತೆ ನೋಡೋದು."

"ಅಪ್ಪಾ!" ಎಂದಳು ಆಶಾರಾಣಿ.

ಟೀ ಅಂಗಡಿಯವನೂ ತಲೆ ತಗ್ಗಿಸಿದ. ಮೇಲಿನ ರೂಮಿನ ಹುಡುಗರು ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡರು. ಚಿಕ್ಕಬೈರಪ್ಪನಂತೂ ಫೋನನ್ನು ಜೇಬಿಗೆ ಇಳಿಸಿ ಆಕಾಶ ನೋಡತೊಡಗಿದ. ಹೆಂಡತಿಯ ಹೆಸರನ್ನು ಪರರ ಬಾಯಲ್ಲಿ ಕೇಳಲಾರದ ಮನುಷ್ಯ ಅಮರಪ್ಪ. ಇಡೀ ಗಲ್ಲಿ ತಿಂಗಳುಗಟ್ಟಲೆ ಆ ಹೆಸರನ್ನು ಬೆರಳಿನಿಂದ ಒತ್ತಿ ಒತ್ತಿ ಸಿನಿಮಾ ನೋಡಿತ್ತು.

"ಹಂಗಾದ್ರ ನೆಟ್ ಖಾಲಿ ಮಾಡಿದವ್ರು ಇವ್ರೆಲ್ಲಾ?" ಎಂದ ಅಮರಪ್ಪ, ದನಿ ಸಣ್ಣದಾಗಿತ್ತು. "ಆದ್ರ ಪೆಟ್ಟಿಗಿ ಮನಿ ಒಳಗೈತಿ. ಹೊರಗಿನವ್ರಿಗೆ ಹೆಂಗ ಸಿಗ್ತೈತಿ?"

"ನಿಮ್ಮನೆ ಒಗ್ಗರಣೆ ಘಮ ರಸ್ತೆಗೆ ಬರಲ್ವಾ ಅಣ್ಣ? ಇದೂ ಹಾಗೇ. ಗೋಡೆ ದಾಟಿ ಬರುತ್ತೆ. ತಡೆಯೋದು ಪಾಸ್‌ವರ್ಡ್ ಒಂದೇ. ನೀವು ಅದನ್ನೇ ಊರಿಗೆಲ್ಲ ಹಂಚಿಬಿಟ್ರಿ" ಎಂದಳು ಆಶಾರಾಣಿ. "ಪ್ಯಾಕ್ ಖಾಲಿಯಾಗಿದ್ದು ಸಣ್ಣ ವಿಷಯ. ಯಾರೋ ನಿಮ್ಮ ವೈಫೈನಲ್ಲಿ ಯಾರಿಗೋ ಕೆಟ್ಟ ಮೆಸೇಜ್ ಕಳಿಸಿದ್ರೆ, ಮೋಸ ಮಾಡಿದ್ರೆ? ಕನೆಕ್ಷನ್ ಯಾರ ಹೆಸರಲ್ಲಿದೆಯೋ ಪೊಲೀಸ್ನೋರು ಮೊದಲು ಅವರ ಮನೆ ಬಾಗಿಲು ತಟ್ತಾರೆ."

"ಬದಲ ಮಾಡಿದ್ರ ನೆಟ್ ಕೆಟ್ಟು ಹೋಗಂಗಿಲ್ಲೇನ? ಕೇಬಲ್‌ದವ್ರು ರೊಕ್ಕ ಕೇಳಂಗಿಲ್ಲೇನ?"

"ಏನೂ ಆಗಲ್ಲ, ಯಾರೂ ದುಡ್ಡು ಕೇಳಲ್ಲ. ಬನ್ನಿ, ಈಗಲೇ ಮಾಡೋಣ."

ಅಮರಪ್ಪ, ಆಶಾರಾಣಿ, ಶ್ಯಾಮಣ್ಣ, ಹನುಮೇಶ ಒಳಗೆ ಹೋದರು. ಸುಮಂಗಲಾ ಬ್ಯಾಗಿನ ಪಕ್ಕ ಕುಳಿತಿದ್ದಳು. ಹೊರಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವಳು ಎದ್ದು ಹನುಮೇಶನ ಫೋನ್ ತೆಗೆದುಕೊಂಡು, "ತಂಗಿ, ನಿನ್ನ ಹುಡುಗಂದು ಏನೂ ತಪ್ಪಿಲ್ಲವ್ವ. ಅವ ನಕ್ಕಿದ್ದು ನಿನ್ನ ನೋಡೇ. ನೀ ನನ್ನ ಗಂಡನಂಗ ಆಗಬ್ಯಾಡ" ಎಂದಳು. ಭಾಗ್ಯಶ್ರೀಯ ಮುಖ ಸಡಿಲವಾಯಿತು.

ಆಶಾರಾಣಿ ಸುಮಂಗಲಾಳ ಫೋನನ್ನು ಅವಳ ಕೈಯಲ್ಲೇ ಇರಿಸಿ ಹೇಳಿಕೊಟ್ಟಳು. "ಅಕ್ಕ, ಪೆಟ್ಟಿಗೆ ಗೋಡೆಯಿಂದ ತೆಗೆದು ತಿರುಗಿಸಿ ನೋಡಿ, ಹಿಂದೆ ಒಂದು ಚೀಟಿ ಅಂಟಿಸಿದಾರೆ. ಅದರಲ್ಲಿ ಚುಕ್ಕಿ ಚುಕ್ಕಿ ಇಟ್ಟು ಅಂಕಿಗಳಿವೆಯಲ್ಲ, ಅದನ್ನ ಫೋನಲ್ಲಿ ಇಂಟರ್ನೆಟ್ ಬ್ರೌಸರ್ ತೆರೆದು ಮೇಲ್ಗಡೆ ಟೈಪ್ ಮಾಡಿ. ಈಗ ಲಾಗಿನ್ ಹೆಸರು, ಪಾಸ್‌ವರ್ಡ್ ಕೇಳುತ್ತೆ, ಅದೂ ಚೀಟೀಲೇ ಇದೆ. ಒಳಗೆ ಹೋದ್ರಾ? ವೈರ್‌ಲೆಸ್ ಅಂತ ಒತ್ತಿ, ಆಮೇಲೆ ಸೆಕ್ಯುರಿಟಿ. ಹಳೇದು ಅಳಿಸಿ ಹೊಸದು ಹಾಕಿ. ಉದ್ದ ಇರಲಿ. ಹೆಸರು, ಫೋನ್ ನಂಬರು, ಹುಟ್ಟಿದ ತಾರೀಕು ಬೇಡ. ಅಕ್ಷರ, ಅಂಕಿ, ಚಿಹ್ನೆ ಎಲ್ಲಾ ಬೆರೆಸಿ."

ಅಮರಪ್ಪ ಬಗ್ಗಿ ನೋಡಲು ಹೋದ. ಸುಮಂಗಲಾ ಫೋನನ್ನು ಎದೆಗೆ ಒತ್ತಿಕೊಂಡಳು. "ನೀವು ಆ ಕಡಿ ತಿರುಗ್ರಿ."

"ನನಗೂ ಹೇಳಂಗಿಲ್ಲೇನ?"

"ಹೇಳಿದ್ರ ನೀವು ಮೈಕ್‌ನಾಗ ಹಾಕಿಸ್ತೀರಿ."

ಶ್ಯಾಮಣ್ಣ ಕೆಮ್ಮಿದರು. ಸುಮಂಗಲಾ ಹೊಸ ಪಾಸ್‌ವರ್ಡ್ ಬರೆದು ಸೇವ್ ಒತ್ತಿದಳು. ಕೂಡಲೇ ಅವಳ ಫೋನಿನಲ್ಲಿ ವೈಫೈ ಹೋಯಿತು. ಹನುಮೇಶನ ಪರದೆಯಲ್ಲಿ ಭಾಗ್ಯಶ್ರೀ ಮಾಯವಾದಳು. ಮೇಲಿನ ರೂಮಿನಲ್ಲಿ ಅರ್ಧ ನೋಡಿದ್ದ ಸಿನಿಮಾ ನಿಂತಿತು. "ಹಾಳಾತೇನ?" ಎಂದು ಅಮರಪ್ಪ ಗಾಬರಿಯಾದ.

"ಇಲ್ಲಣ್ಣ, ಹಳೇ ಪಾಸ್‌ವರ್ಡ್ ಇದ್ದೋರೆಲ್ಲ ಹೊರಗೆ ಬಿದ್ರು ಅಷ್ಟೇ. ಅಕ್ಕ, ಈಗ ಹೊಸದು ಹಾಕಿ ಸೇರ್ಕೊಳ್ಳಿ. ಆ ಚೀಟೀಲಿರೋ ಲಾಗಿನ್ ಪಾಸ್‌ವರ್ಡೂ ಬದಲಾಯಿಸಬೇಕು. ಅದು ಹಾಗೇ ಇದ್ರೆ ಗೊತ್ತಿರೋರು ಮತ್ತೆ ಒಳಗೆ ಬರ್ತಾರೆ."

ಅದೂ ಆಯಿತು. ಸುಮಂಗಲಾ ಒಂದು ಬ್ಲೌಸಿನ ಫೋಟೋ ಕಳಿಸಿದಳು. ನೆಟ್ ಇನ್ನೂ ನಿಧಾನವಾಗಿಯೇ ಇತ್ತು, ಆದರೂ ಫೋಟೋ ಹೋಯಿತು. ಪ್ಯಾಕ್ ಹೊಸದಾದ ಮೇಲೆ ವೇಗವೂ ಬರುತ್ತದೆ ಎಂದಳು ಆಶಾರಾಣಿ. ಎಲ್ಲರಿಗೂ ಸಮಾಧಾನವಾಯಿತು. ಆದರೆ ಸುಮಂಗಲಾ ಫೋನನ್ನು ಕೆಳಗಿಟ್ಟು ಬ್ಯಾಗ್ ಎತ್ತಿಕೊಂಡಳು.

"ಎಲ್ಲಿಗೆ? ಎಲ್ಲಾ ಸರಿ ಆತಲ್ಲ!" ಎಂದ ಅಮರಪ್ಪ.

"ಪೆಟ್ಟಿಗಿ ಸರಿ ಆತು. ನೀವು ನನ್ನ ಮ್ಯಾಲ ಹಾಕಿದ ಮಾತು?"

"ನನ್ನದು ತಪ್ಪಾತು" ಎಂದು ಅಮರಪ್ಪ ನೆಲ ನೋಡುತ್ತಾ ಗೊಣಗಿದ.

"ನನಗ ಒಬ್ಬಾಕಿಗೇ ಕೇಳಿದ್ರ ಸಾಲಂಗಿಲ್ಲ. ನನ್ನ ಮಾನ ತೆಗೆದದ್ದು ಬೀದ್ಯಾಗ."

ಅಮರಪ್ಪ ಹೊರಗೆ ಹೋದ, ಹನುಮೇಶನೂ ಹಿಂದೆಯೇ ಬಂದ. ಗಲ್ಲಿಯವರು ಇನ್ನೂ ಅಲ್ಲೇ ಇದ್ದರು, ಚಿಕ್ಕಬೈರಪ್ಪನೂ ಇದ್ದ. ಅವನ ಮುಂದೆ ಸಣ್ಣವನಾಗುವುದು ಅಮರಪ್ಪನಿಗೆ ಸಾಯುವಷ್ಟು ಕಷ್ಟ. ಆದರೂ ಗಟ್ಟಿಯಾಗಿ ಹೇಳಿದ. "ನನ್ನ ಹೆಂಡ್ತಿದು ಏನೂ ತಪ್ಪಿಲ್ಲ. ಪಾಸ್‌ವರ್ಡ್ ಹಂಚಿದವ ನಾನು. ಖರೇ ಏನಂತ ತಿಳಕೊಳ್ಳದನ ಅನುಮಾನ ಪಟ್ಟವನೂ ನಾನು. ಹನುಮೇಶ, ನೀನೂ ಮನಸಿನ್ಯಾಗ ಇಟ್ಕೋಬ್ಯಾಡಪಾ." ಯಾರೂ ನಗಲಿಲ್ಲ. ಒಳಗೆ ಹೊಲಿಗೆ ಮಶೀನಿನ ಸದ್ದು ಶುರುವಾಯಿತು.

ಅಮರಪ್ಪ ಬದಲಾದನೇ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚು ಹೋಗಿಲ್ಲ ಬಿಡಿ. ಆದರೆ ಈಗ ಅವನು ಮೊದಲು ಕೇಳುತ್ತಾನೆ, ಆಮೇಲೆ ಉರಿಯುತ್ತಾನೆ. ಹೊಸ ಪಾಸ್‌ವರ್ಡನ್ನು ಸುಮಂಗಲಾ ಅವನಿಗೆ ಹೇಳಿದ್ದಾಳೆ, ಆದರೆ ಯುಗಾದಿ, ದೀಪಾವಳಿಗೆಲ್ಲ ಅದನ್ನು ಬದಲಿಸುತ್ತಲೇ ಇರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿದೆ ಎಂದು ಒಮ್ಮೆ ಯೋಚಿಸಿ. ಕೇಬಲ್‌ನವರು ಹಾಕಿಕೊಟ್ಟದ್ದೇ ಇನ್ನೂ ಇದೆಯೇ? ಬಾಡಿಗೆ ಮನೆ ಬಿಟ್ಟು ಹೋದವರ ಫೋನಿನಲ್ಲೂ ಇದೆಯೇ? ನೆಂಟರಿಗೆ ಕೊಟ್ಟಿದ್ದರೆ ಅವರು ಊರಿಗೆ ಹೋದ ಮೇಲೆ ಬದಲಿಸಿ. ಮಾಡಲು ಬಾರದಿದ್ದರೆ ಗೊತ್ತಿರುವವರನ್ನು ಕರೆದು ಕೇಳಿ, ನಾಚಿಕೆ ಬೇಡ. ಇನ್ನು ಪಾಸ್‌ವರ್ಡ್‌ನಲ್ಲಿ ನಿಮ್ಮ ಹೆಂಡತಿಯದೋ ಮಗಳದೋ ಹೆಸರಿದ್ದರೆ, ಈ ಹೊತ್ತಿನಲ್ಲಿ ಯಾರ ಬೆರಳು ಆ ಹೆಸರನ್ನು ಒತ್ತುತ್ತಿದೆಯೋ ನಿಮಗೆ ಗೊತ್ತೇ? ಎದ್ದು ಹೋಗಿ ಬದಲಾಯಿಸಿ.