ಗೌಸುಸಾಬನ ಕಡೆಯ ತಾರೀಖು

ಇಸ್ಮಾಯಿಲಸಾಬ ಸೈಕಲ್ಲನ್ನು ಗೋಡೆಗೆ ಒರಗಿಸುವಷ್ಟೂ ವ್ಯವಧಾನವಿಲ್ಲದೆ ಹಾಗೆಯೇ ಕೆಡವಿ ಅಂಗಳಕ್ಕೆ ಬಂದ. ನಸುಕಿನಲ್ಲಿ ಬೆಳವಣಕಿ ಬಿಟ್ಟು, ರೋಣದಲ್ಲಿ ವಕೀಲರನ್ನು ಕಂಡು, ಮಧ್ಯಾಹ್ನದೊಳಗೆ ತಿರುಗಿ ಬಂದಿದ್ದ. ಅಷ್ಟರಲ್ಲಿ ಅವನ ಭಾವ, ಕಲಾಯಿ ಗೌಸುಸಾಬನ ಹೆಣಕ್ಕೆ ನೀರು ಹಾಕಿ ಕಫನ್ ಹೊದಿಸಿಯಾಗಿತ್ತು. ಗೌಸುಸಾಬ ಇವತ್ತು ಕೋರ್ಟಿನ ಕಟಕಟೆಯಲ್ಲಿ ನಿಲ್ಲಬೇಕಾಗಿತ್ತು. ನಿನ್ನೆ ಸಂಜೆ ಕುಲುಮೆಯ ತಿದಿ ಒತ್ತುತ್ತಿದ್ದವನು ಹಾಗೆಯೇ ಮುಂದಕ್ಕೆ ವಾಲಿಬಿಟ್ಟಿದ್ದ.

"ವಕೀಲರು ಏನಂದ್ರು ಮಾಮಾ?" ಸತ್ತವನ ಒಬ್ಬನೇ ಮಗ ಕುತುಬುದ್ದೀನ ಕೇಳಿದ.

"ಕೇಸು ಮುಗೀತಂತ."

"ಗೆದ್ದಿವೇನು?"

"ಇಲ್ಲ."

"ಹಂಗಾರ ಸೋತಿವಿ?"

"ಅದೂ ಇಲ್ಲಂತ. ಆರೋಪಿನ ಸತ್ತಮ್ಯಾಲ ಕೇಸು ಮುಂದ ನಡ್ಯಾಂಗಿಲ್ಲಂತ. ಊರ ಪಾಟೀಲರ ಕಡಿಂದ ಸತ್ತದ್ದಕ್ಕ ಒಂದು ದಾಖಲಿ ಕೊಟ್ರ, ಕೋರ್ಟಿನ ಸಾಹೇಬ್ರು ಕಾಗದ ಕಟ್ಟಿ ಇಡ್ತಾರ."

ಬಾಗಿಲ ಪರದೆಯ ಹಿಂದೆ ಕುಳಿತಿದ್ದ ಗೌಸುಸಾಬನ ಹೆಂಡತಿ ಕಾಶೀಂಬಿ ಅಳು ನಿಲ್ಲಿಸಿದಳು. "ಆ ಕಾಗದದಾಗ ಏನಂತ ಬರೀತಾರಪಾ? ಅವ್ರು ಕಳ್ಳರು ಅಂತನೋ, ಅಲ್ಲ ಅಂತನೋ?"

"ಏನೂ ಬರ್ಯಾಂಗಿಲ್ಲಂತ ಅಕ್ಕಾ."

"ಏನೂ ಬರ್ಯಾಂಗಿಲ್ಲಂದ್ರ ಒಂಬತ್ತು ತಿಂಗಳು ಅವ್ರನ್ನ ಯಾಕ ತಿರುಗಿಸಿದ್ರು?"

ಉತ್ತರ ಗೊತ್ತಿಲ್ಲದಾಗಲೇ ಊರಿನ ಬಾಯಿ ದೊಡ್ಡದಾಗುತ್ತದೆ. ಮಣ್ಣಿಗೆ ಬಂದಿದ್ದ ಪಕ್ಕದ ಮನೆಯ ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡ.

"ಅಪ್ಪ ಸತ್ರ ಹೊಲ ಮಗನ ಹೆಸರಿಗೆ ಬರತೈತಿ. ಕೇಸು ಬರಂಗಿಲ್ಲೇನು?"

"ಮಗಗ ಹ್ಯಾಂಗ ಬರತೈತಿ? ಜಾಮೀನು ನಿಂತಾವ ಇಸ್ಮಾಯಿಲ. ಬಂದ್ರ ಅವಗ ಬರಬೇಕು" ಎಂದ ಮುದುಕ ಅಲ್ಲಾಸಾಬ.

ಇಬ್ಬರಿಗೂ ಬರುವುದಿಲ್ಲವೆಂದು ವಕೀಲರು ಎರಡೆರಡು ಸಲ ಹೇಳಿ ಕಳಿಸಿದ್ದರು. ಆದರೂ ಇಸ್ಮಾಯಿಲಸಾಬನ ಮುಖದ ಕಳೆ ಇಳಿಯಿತು.

* * *

ಗೌಸುಸಾಬ ಮೂವತ್ತು ವರ್ಷ ಊರಿನ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿದವನು. ಯಾರ ಮನೆಯ ಪಾತ್ರೆಯ ತಳ ಎಲ್ಲಿ ನೆಗ್ಗಿದೆ ಎಂಬುದು ಅವನಿಗೆ ಬಾಯಿಪಾಠ. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಹೋದ ವರ್ಷ ಸಂತೆಯ ದಿನ ಗುರುತಿಲ್ಲದವನೊಬ್ಬ ಒಂದು ಹೊಸ ಕೊಡ ಕೊಟ್ಟು, ಸಂಜೆ ಬರುತ್ತೇನೆಂದು ಹೋದ. ಬರಲಿಲ್ಲ. ಗೌಸುಸಾಬ ಅದನ್ನು ಎಲ್ಲರಿಗೂ ಕಾಣುವಂತೆ ಅಂಗಡಿಯ ಮುಂದೆಯೇ ತೂಗುಹಾಕಿದ. ಕೊಡದ ಕಂಠದ ಮೇಲೆ ಅದೇ ಊರಿನ ಶಿವನಪ್ಪನ ಹೆಸರು ಕೊರೆದಿತ್ತು. ಅದನ್ನು ಓದಿದವರು ಪೊಲೀಸ್ ಫೌಜದಾರರು.

ಆಪಾದನೆ ಕಳವಿನದಲ್ಲ, ಕಳವಿನ ಮಾಲು ಎಂದು ಗೊತ್ತಿದ್ದೂ ಇಟ್ಟುಕೊಂಡದ್ದು. ಆ ಎರಡರ ನಡುವಿನ ಅಂತರ ಗೌಸುಸಾಬನಿಗೆ ಸಾಯುವವರೆಗೂ ಸರಿಯಾಗಿ ತಿಳಿಯಲಿಲ್ಲ. ಮೊದಲ ತಾರೀಖಿಗೆ ಮ್ಯಾಜಿಸ್ಟ್ರೇಟರು, "ಗುನ್ಹೆ ಕಬೂಲ ಐತೇನು?" ಎಂದು ಕೇಳಿದಾಗ ಅವನು ಕೈಮುಗಿದು, "ತಪ್ಪಾತ್ರಿ ಸಾಹೇಬ್ರ" ಎಂದುಬಿಟ್ಟ.

ಬೆಳವಣಕಿಯ ಚಾವಡಿಯಲ್ಲಿ ಅದೇ ರೂಢಿ. ಹಿರಿಯರು ಮೇಲೆ ಕುಳಿತು ಕೇಳಿದರೆ ಮೊದಲು ತಪ್ಪಾಯಿತೆನ್ನಬೇಕು, ನಡೆದದ್ದನ್ನು ಆಮೇಲೆ ಹೇಳಬೇಕು. ಎಷ್ಟೋ ಸಲ ತಪ್ಪಿಲ್ಲದವನೇ ಮೊದಲು ಅಂದು ದೊಡ್ಡವನೆನಿಸಿಕೊಳ್ಳುತ್ತಿದ್ದ.

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು. "ಏನು ತಪ್ಪಾತು?"

"ಅದನ್ನ ತಾವ ಹೇಳಬೇಕ್ರಿ."

ಪುಣ್ಯಕ್ಕೆ ಅವರು ತಾಳ್ಮೆಯ ಮನುಷ್ಯ. ವಕೀಲರನ್ನು ಹಿಡಿದುಕೊಂಡು ಬಾ ಎಂದು ಮುಂದಿನ ತಾರೀಖು ಕೊಟ್ಟರು. ವಕೀಲರು ಗೌಸುಸಾಬನನ್ನು ಬೇವಿನ ಗಿಡದ ಬುಡದಲ್ಲಿ ಕೂರಿಸಿ ತಿಳಿಹೇಳಿದರು. "ಅದು ಕಳವಿನ ಕೊಡ ಅಂತ ನಿನಗ ಗೊತ್ತಿತ್ತು ಅನ್ನೂದನ್ನ ಪೊಲೀಸರು ತೋರಿಸಬೇಕು. ನೀ ಏನೂ ತೋರಿಸೂದು ಬ್ಯಾಡ. ನಾ ಗುನ್ಹೆ ಮಾಡಿಲ್ಲ ಅನ್ನು, ಸಾಕು."

"ಅಷ್ಟು ದೊಡ್ಡವರಿಗೆ ಎದುರಾಡಿದಂಗ ಆಗಂಗಿಲ್ಲೇನ್ರಿ?"

ವಕೀಲರು ನಕ್ಕರು. ಗೌಸುಸಾಬನಿಗೆ ನಗು ಬರಲಿಲ್ಲ.

ಅಂದಿನಿಂದ ಮನೆಯಲ್ಲೇ ಕೋರ್ಟು ಶುರುವಾಯಿತು. ಕಾಶೀಂಬಿ ಬೋರಲು ಹಾಕಿದ ಹಂಡೆಯ ಮೇಲೆ ಸಾಹೇಬರಾಗಿ ಕುಳಿತು, "ಗುನ್ಹೆ ಕಬೂಲ ಐತೇನು?" ಎಂದು ಗದರುವಳು. ಅವನ ಕೈ ತಾನಾಗಿ ಜೋಡಿಕೊಳ್ಳುವುದು, ಬಾಯಿಂದ ಹಳೆಯ ಮಾತೇ ಹೊರಡುವುದು. ಅವಳಿಗೆ ಮೊದಮೊದಲು ನಗು, ಆಮೇಲೆ ಸಿಟ್ಟು, ಕೊನೆಗೆ ಭಯ. ತಾರೀಖುಗಳೇನೋ ಮುಂದಕ್ಕೆ ಹೋಗುತ್ತಿದ್ದವು. ಆದರೆ ಒಂದು ಮಾತಿನಿಂದ ಈ ಮನುಷ್ಯ ಜೈಲಿಗೆ ಹೋಗಿಬಿಡುತ್ತಾನೆ ಎಂದು ಅವಳು ನಮಾಜಿನಲ್ಲಿ ಅಳುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಅವನು ಕೈ ಕೆಳಗೆ ಬಿಟ್ಟು, ತಲೆಯೆತ್ತಿ, "ನಾ ಗುನ್ಹೆ ಮಾಡಿಲ್ಲ" ಎಂದ. ತಡವರಿಸಲಿಲ್ಲ. ಕಾಶೀಂಬಿ ಹಂಡೆಯಿಂದಿಳಿದು ಅವನಿಗೆ ಚಹಾ ಮಾಡಿಕೊಟ್ಟಳು.

* * *

ಜನಾಜಾ ಎತ್ತುವ ಹೊತ್ತಾಯಿತು. ಅಂಗಳ ತುಂಬಿತ್ತು. ಕೊಡದ ಶಿವನಪ್ಪನೂ ಬಂದು ರುಮಾಲು ಕೈಯಲ್ಲಿ ಹಿಡಿದು ಮುಂದೆಯೇ ನಿಂತಿದ್ದ. ಗೌಸುಸಾಬ ಕದ್ದವನಲ್ಲ ಎಂದು ಅವನಿಗೂ ಗೊತ್ತು. ಆದರೆ ಅದನ್ನು ಯಾರೂ ಅವನ ಬಾಯಿಂದ ಕೇಳಿರಲಿಲ್ಲ.

ಮುಲ್ಲಾ ಸಾಹೇಬರು ಕುತುಬುದ್ದೀನನ ಭುಜ ಮುಟ್ಟಿದರು. "ಹೇಳಪಾ, ಹೊತ್ತಾತು."

ಹೇಳಬೇಕಾದದ್ದು ಎಲ್ಲರಿಗೂ ಗೊತ್ತಿದ್ದ ಮಾತು. ನಮ್ಮಪ್ಪನಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿರಿ ಎಂದು ಮಗ ಕೇಳಬೇಕು, ನೆರೆದವರು ಮಾಫ್ ಮಾಡಿದೆವು ಎನ್ನಬೇಕು. ಆಮೇಲೆ ಜನಾಜಾ ಎತ್ತಬೇಕು.

ಕುತುಬುದ್ದೀನ ಬಾಯಿ ತೆರೆದ. ತಪ್ಪು ಎಂಬ ಮಾತು ನಾಲಗೆಯ ಮೇಲೆ ಏಳಲಿಲ್ಲ. ಅಪ್ಪ ಒಂಬತ್ತು ತಿಂಗಳು ಬೆವರು ಸುರಿಸಿ ಬಿಟ್ಟ ಮಾತದು. ಅವನು ಕಫನ್ನಿನ ಕಡೆ ನೋಡಿದ, ಪರದೆಯ ಕಡೆ ನೋಡಿದ.

"ನಮ್ಮಪ್ಪ ಗುನ್ಹೆ ಮಾಡಿಲ್ಲ" ಎಂದ.

"ಮಾಫ್ ಮಾಡೀವಿ" ಎಂದಿತು ಇಡೀ ಅಂಗಳ, ಒಂದೇ ದನಿಯಲ್ಲಿ, ರೂಢಿಯಂತೆ. ಶಿವನಪ್ಪನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅವನು ಮನಸ್ಸಿನಿಂದಲೇ ಅಂದಿದ್ದ.

ಮುಲ್ಲಾ ಸಾಹೇಬರು ಕ್ಷಣ ಗೊಂದಲಗೊಂಡು, ಆಮೇಲೆ ಕೈ ತೋರಿಸಿದರು. ನಾಲ್ವರು ಬಾಗಿ ಜನಾಜಾ ಹೆಗಲಿಗೇರಿಸಿದರು.

ಪರದೆ ಸರಿಯಿತು. ಕಾಶೀಂಬಿ ಹೊಸ್ತಿಲ ಮೇಲೆ ನಿಂತಿದ್ದಳು.

"ಇಳಸ್ರಿ" ಎಂದಳು. "ಶಿವನಪ್ಪಣ್ಣಾ, ಅವ್ರದು ಏನಂತ ಮಾಫ್ ಮಾಡಿದ್ರಿ?"

ಶಿವನಪ್ಪ ಪಕ್ಕದಲ್ಲಿದ್ದ ಮಲ್ಲೇಶಪ್ಪನ ಮುಖ ನೋಡಿದ.

"ಎತ್ತಿದ ಮ್ಯಾಲ ದಾರ್ಯಾಗ ಇಳಸಬಾರ್ದವಾ" ಎಂದ ಅಲ್ಲಾಸಾಬ ಮೆಲ್ಲಗೆ.

"ಮಾಫ್ ಬ್ಯಾಡ ನನಗ. ಹಿಂದ ತಗೋರ್ರಿ."

ಹೊತ್ತ ನಾಲ್ವರು ಮುಲ್ಲಾ ಸಾಹೇಬರನ್ನು ನೋಡಿದರು. ಮುಲ್ಲಾ ಸಾಹೇಬರು ಶಿವನಪ್ಪನನ್ನು ನೋಡಿದರು. ಮುಂದೆ ಹೆಜ್ಜೆ ಇಡಲೂ ಬಾರದೆ, ಕೆಳಗಿಳಿಸಲೂ ಬಾರದೆ, ನಾಲ್ವರೂ ಜನಾಜಾ ಹೊತ್ತು ಅಂಗಳದ ನಡುವೆ ನಿಂತಿದ್ದರು. ಬಿಸಿಲಿಗೆ ಒಬ್ಬೊಬ್ಬರಾಗಿ ಹೆಗಲು ಬದಲಿಸುತ್ತಿದ್ದರು.