ಒಣಗಿದ ಸಂದಿ

ಮೂರು ದಿನದಿಂದ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದ್ದರೂ ನಮ್ಮ ಮನೆಯ ಹಿಂದಿನ ಸಂದಿಯಲ್ಲಿ ನೀರು ಹರಿಯುತ್ತಿರಲಿಲ್ಲ. ಮನೆಯವರೆಲ್ಲ ಹಿಗ್ಗುತ್ತಿದ್ದರು. ನನಗೆ ಮಾತ್ರ ಅದು ಸರಿ ಕಾಣಲಿಲ್ಲ.

ನಮ್ಮದು ದಿಬ್ಬದ ಬುಡದ ಮನೆ. ಹಿಂದಿನ ಖಾಲಿ ಸೈಟು ನಮ್ಮ ನೆಲಕ್ಕಿಂತ ಒಂದಾಳು ಎತ್ತರ. ಅಲ್ಲಿನ ಮಣ್ಣು ನಮ್ಮ ಮೇಲೆ ಕುಸಿಯದಿರಲೆಂದು ಅಪ್ಪನೇ ಕಟ್ಟಿದ ಕಲ್ಲಿನ ತಡೆಗೋಡೆ. ಗೋಡೆಗೂ ನಮ್ಮ ಹಿಂದಿನ ಕೋಣೆಗೂ ನಡುವೆ ಮೂರಡಿ ಸಂದಿ. ಮೇಲೆ ನಿಂತ ನೀರು ಬಸಿದು ಹೋಗಲೆಂದು ಗೋಡೆಯ ಬುಡದಲ್ಲಿ ಆರು ಪೈಪು ಇಟ್ಟಿದ್ದೆವು. ಮಳೆಗಾಲವಿಡೀ ಅವು ಕೆಸರು ಉಗುಳುತ್ತವೆ. ಸೊಳ್ಳೆ, ನಾತ, ಕಾಲಿಟ್ಟರೆ ಜಾರಿಕೆ. ಆದರೆ ಆ ಕೊಳಕೇ ನಮ್ಮನ್ನು ಉಳಿಸಿತ್ತು; ನೀರು ಹಿಂದೆಯೇ ನಿಂತರೆ ಅದರ ಭಾರಕ್ಕೆ ಗೋಡೆ ಉರುಳುತ್ತದೆ.

ಹತ್ತು ದಿನ ಬೇರೆ ಊರಲ್ಲಿ ಗಾರೆ ಕೆಲಸ ಮಾಡಿ ಅಂದು ಮಧ್ಯಾಹ್ನ ಬಂದಿದ್ದೆ. ಅಕ್ಕನ ಅತ್ತೆ ಮಾವ ಮೊಮ್ಮಗುವನ್ನು ನೋಡಲು ಬಂದು ಅದೇ ಹಿಂದಿನ ಕೋಣೆಯಲ್ಲಿ ಕೂತಿದ್ದರು. ನಾನು ಸಂದಿಗೆ ಹೋಗಿ ಬಗ್ಗಿ ನೋಡಿದೆ. ಆರು ಪೈಪಿನ ಬಾಯಿಗೂ ಸಿಮೆಂಟು. ಅದರ ಮೇಲೆ ನುಣ್ಣನೆ ಗಾರೆ, ಗಾರೆಯ ಮೇಲೆ ಸುಣ್ಣ. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ನಡುವೆ ಹೊಟ್ಟೆ ಉಬ್ಬಿತ್ತು. ದಿಬ್ಬ ಹತ್ತಿ ನೋಡಿದರೆ ಮೇಲಿನ ಸೈಟು ಕೆರೆಯಾಗಿತ್ತು.

ಒಳಗೆ ನುಗ್ಗಿದೆ. "ಪೈಪು ಯಾಕಪ್ಪಾ ಮುಚ್ಚಿದೆ?"

"ನೆಂಟರು ಬರೋ ಹೊತ್ತಿಗೆ ಮನೆ ಹಿಂದೆ ಮೋರಿ ಹರೀಬೇಕಿತ್ತಾ?"

"ಗೋಡೆ ಉಬ್ಬಿದೆ. ಎಲ್ರೂ ಎದ್ದು ಹೊರಗೆ ಬನ್ನಿ."

ಅಕ್ಕನ ಮಾವ ನಕ್ಕರು. "ಏನು ಬೀಗರೇ, ಮಗ ಇಂಜಿನಿಯರ್ರಾ?"

"ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದ ಇಂಜಿನಿಯರ್ರು," ಎಂದ ಅಪ್ಪ. "ಮೂವತ್ತು ವರ್ಷದಿಂದ ಗೋಡೆ ಕಟ್ತಿದೀನಿ ಕಣೋ. ನಾನು ಕಟ್ಟಿದ್ದು ಒಂದಾದ್ರೂ ಬಿದ್ದಿದ್ಯಾ?"

ರಟ್ಟೆ ಹಿಡಿದು ಅವನನ್ನು ಸಂದಿಗೆ ಎಳೆದೊಯ್ದೆ. ಅಪ್ಪ ಗೋಡೆಗೆ ಅಂಗೈ ಒತ್ತಿದ. ತೆಗೆಯಲಿಲ್ಲ. ಮುಖದ ಕಳೆ ಇಳಿಯಿತು.

"ಹಾರೆ ತರ್ತೀನಿ," ಎಂದೆ.

"ಮುಟ್ಬೇಡ," ಎಂದು ಪಿಸುಗುಟ್ಟಿದ. "ಈಗ ತೂತು ಮಾಡಿದ್ರೆ ಎಲ್ಲಾ ಒಟ್ಟಿಗೇ ಬರುತ್ತೆ."

"ಹಾಗಾದ್ರೆ ಅವರಿಗೆ ಹೇಳು."

"ಹೇಳೋಣ. ಮೊದಲು ಊಟ ಆಗ್ಲಿ."

ಊಟವಂತೆ! ಇಪ್ಪತ್ತು ದಿನದ ಕೂಸು ಆ ಕೋಣೆಯಲ್ಲಿದೆ, ಇವನಿಗೆ ಬೀಗರ ಮುಂದೆ ಮೀಸೆ ಮಣ್ಣಾಗಬಾರದು. ಒಳಗೆ ಬಂದವನೇ ಹಲ್ಲು ಬಿಟ್ಟು, "ಏನಿಲ್ಲ, ಸ್ವಲ್ಪ ತೇವ ಅಷ್ಟೇ," ಎಂದ. ಬಾಯಿಮಾತಿಗೆ ಇವರ್ಯಾರೂ ಏಳುವವರಲ್ಲ ಎಂದು ಆಗಲೇ ಗೊತ್ತಾಯಿತು.

ಅತ್ತೆಯ ಮಡಿಲಿನಿಂದ ಮಗುವನ್ನು ಕಿತ್ತುಕೊಂಡು ಬೀದಿಗೆ ಓಡಿದೆ.

"ಅಯ್ಯೋ, ಹಸುಗೂಸು ಕಣೋ! ಮಳೆ!" ಅಮ್ಮ ಎದೆ ಬಡಿದುಕೊಂಡು ಬಂದಳು. ಅಕ್ಕ ಬರಿಗಾಲಲ್ಲಿ ಬಂದಳು. ಅತ್ತೆ ನನ್ನ ವಂಶಕ್ಕೆಲ್ಲ ಶಾಪ ಹಾಕುತ್ತ ಬಂದರು. ಮಾವ ಚಪ್ಪಲಿಯನ್ನು ಕೈಯಲ್ಲೇ ಹಿಡಿದಿದ್ದರು. ನನಗೆ ಬೇಕಾಗಿದ್ದೂ ಅದೇ. ಎದುರಿನ ಮುಚ್ಚಿದ ಅಂಗಡಿಯ ಸೂರಿನಡಿ ನಿಂತು, ಮಗುವನ್ನು ಅಂಗಿಯೊಳಗೆ ಅವಚಿಕೊಂಡೆ.

"ಹುಚ್ಚು ಹಿಡಿದಿದೆ ಇವನಿಗೆ, ಪೊಲೀಸರನ್ನ ಕರೀರಿ!" ಎಂದರು ಮಾವ.

"ಕರೀರಿ. ಇಲ್ಲೇ ನಿಂತು ಕರೀರಿ."

ಎಣಿಸಿದೆ. ನಾಲ್ವರು. ಅಪ್ಪನಿಲ್ಲ.

ತೆರೆದ ಬಾಗಿಲಿನಿಂದ ಹಿಂದಿನ ಕೋಣೆ ನೇರವಾಗಿ ಕಾಣುತ್ತಿತ್ತು. ಅಪ್ಪ ಕುರ್ಚಿ ಎಳೆದುಕೊಂಡು, ತಾನು ಕಟ್ಟಿದ ಗೋಡೆಯ ಕಡೆಗೆ ಬೆನ್ನು ಮಾಡಿ, ನಮ್ಮತ್ತ ತಿರುಗಿ ಕೂತಿದ್ದ.

"ಅಪ್ಪಾ, ಬಾರಪ್ಪಾ!"

ನೊಣ ಓಡಿಸುವವನಂತೆ ಕೈ ಬೀಸಿದ.

ಅಷ್ಟರಲ್ಲಿ ಮನೆಯ ಹಿಂದೆ ಕಲ್ಲು ಕಲ್ಲಿಗೆ ಉಜ್ಜಿದ ಸದ್ದು, ಮಳೆಯನ್ನೂ ಮೀರಿ, ಬೀದಿಯವರೆಗೆ ಬಂತು. ಮಾವನ ಕೈಯಿಂದ ಚಪ್ಪಲಿ ಜಾರಿತು. ಒಳಗೆ ಓಡಲು ಹೊರಟ ಅಕ್ಕನ ಮುಂಗೈಯನ್ನು ಬಿಗಿಯಾಗಿ ಹಿಡಿದೆ. ಅವಳು ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ.

ಸದ್ದು ಅಪ್ಪನಿಗೂ ಕೇಳಿಸಿರಲೇಬೇಕು. ಅವನು ನಿಧಾನವಾಗಿ ಕಾಲ ಮೇಲೆ ಕಾಲು ಹಾಕಿಕೊಂಡ.