ಹದಿನೇಳನೆಯ ತಿರುವು

"ಹದಿನೇಳನೇ ತಿರುವು ಆದ್ಮೇಲೆ ಏನಿದೆ?" ಎಂದು ಹೆಂಡತಿ ಕೇಳಿದಾಗ ಡ್ರೈವರು ಒಂದಿಷ್ಟೂ ತಡವರಿಸಲಿಲ್ಲ.

"ಎರಡನೇ ಗೇರು," ಎಂದ.

ಅವಳು ಲೈಬ್ರರಿಯಿಂದ ತಂದಿದ್ದ ನಕ್ಷೆ ಊಟದ ಮೇಜನ್ನೆಲ್ಲ ಆಕ್ರಮಿಸಿತ್ತು. ನಾಲ್ಕು ಮೂಲೆಗೆ ನಾಲ್ಕು ಲೋಟ. ಮಳೆಕಾಡಿನೊಳಗಿಂದ ಇಳಿದು, ಬಂಡೆಗಳ ಕಡಲಂಚಿನಲ್ಲೇ ಸಾಗುವ ಆ ರಸ್ತೆಯಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿ, ಹೋದ ತಿಂಗಳಷ್ಟೇ ನಿವೃತ್ತನಾಗಿದ್ದ. ಲೈಬ್ರರಿಯಲ್ಲೇ ಆಯುಷ್ಯ ಸವೆಸಿದ ಅವಳು ಆ ದಾರಿಯನ್ನು ಒಮ್ಮೆಯೂ ಕಂಡವಳಲ್ಲ. ಕೇಳಿದಾಗಲೆಲ್ಲ, ಅಲ್ಲಿ ನೋಡೋದಕ್ಕೆ ಏನಿದೆ ಮಣ್ಣು ಎಂದು ಅವನು ಬಾಯಿ ಮುಚ್ಚಿಸಿದ್ದ. ಈಗ ಮೂರು ದಿನದ ಪ್ರವಾಸಕ್ಕೆ ಅವಳೇ ಟೊಂಕ ಕಟ್ಟಿ ನಿಂತಿದ್ದಳು.

ಕಾಡು ಎಲ್ಲಿ ದಟ್ಟ ಎಂದು ಕೇಳಿದರೆ, ಹಗಲಲ್ಲೂ ದೀಪ ಹಾಕಬೇಕಾದ ಜಾಗ ತೋರಿಸಿದ. ಕಡಲು ಹೇಗಿರುತ್ತೆ ಎಂದರೆ, ಸಂಜೆಯ ಟ್ರಿಪ್ಪಿನಲ್ಲಿ ಕಣ್ಣಿಗೆ ಹೊಡೆಯುತ್ತೆ ಎಂದ. ಹದಿನೇಳನೆಯ ತಿರುವಿನಲ್ಲಿ ಪೈಪು ಸೋರಿ ವರ್ಷವಿಡೀ ಗಾಜಿಗೆ ನೀರು ಎರಚುತ್ತದೆಂದೂ, ತಾನು ಎರಡು ಸಲ ಲಿಖಿತ ದೂರು ಕೊಟ್ಟರೂ ಆ ನೀರಿನ ಇಲಾಖೆಯವರು ಕ್ಯಾರೇ ಅನ್ನಲಿಲ್ಲವೆಂದೂ ಬೈದ.

ಅವಳು ನಕ್ಷೆಯ ಮೇಲೆ ಬೆರಳಿಟ್ಟಳು. "ಅದು ಪೈಪಲ್ಲ ರೀ. ಜಲಪಾತ."

ಅವನು ಕನ್ನಡಕ ಹಾಕಿಕೊಂಡು ನೋಡಿದ. ಜಲಪಾತವೇ. ಆ ತಿರುವಿನಲ್ಲಿ ಪ್ರಯಾಣಿಕರೆಲ್ಲ ದಡಬಡ ಎದ್ದು ಒಂದೇ ಪಕ್ಕಕ್ಕೆ ಬಾಗುತ್ತಿದ್ದುದು ನೆನಪಾಯಿತು. ಬಸ್ಸು ವಾಲುತ್ತದೆ, ಕೂತ್ಕೊಳ್ಳಿ ಎಂದು ದಿನಾ ಗದರಿದ್ದ. ಯಾಕೆ ಏಳುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ, ಆದರೆ ಒಳಗೆ ಚುರುಕ್ ಎಂದಿತು.

ಈ ಸಲ ನೋಡಿದರಾಯಿತು ಎಂದ.

"ಹೇಗೆ ನೋಡ್ತೀರಿ? ಸ್ಟೀರಿಂಗ್ ಹಿಡಿದ್ರೆ ನಿಮಗೆ ರಸ್ತೆ ಬಿಟ್ಟು ಬೇರೇನೂ ಕಾಣಲ್ಲ." ಅವಳು ಪರ್ಸಿನಿಂದ ಹೊಸ ಡ್ರೈವಿಂಗ್ ಲೈಸೆನ್ಸು ತೆಗೆದು ನಕ್ಷೆಯ ಕಡಲಿನ ಮೇಲಿಟ್ಟಳು. ನಾಲ್ಕು ತಿಂಗಳಿಂದ ಬೆಳಗಿನ ವಾಕಿಂಗ್ ಎಂದು ಹೇಳಿ ಹೋಗುತ್ತಿದ್ದುದರ ಗುಟ್ಟು ಅದು. "ಗಾಡಿ ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಆಗಲ್ಲ ಅಂದ್ರೆ ಹೋಗೋದೇ ಬೇಡ."

ಸ್ವಂತ ಭಾಮೈದನ ಕೈಗೂ ಕಾರಿನ ಕೀಲಿ ಕೊಟ್ಟವನಲ್ಲ ಅವನು. ಆ ಇಳಿಜಾರಿನಲ್ಲಿ ನಾಲ್ಕು ತಿಂಗಳ ಕೈಯನ್ನು ನಂಬುವುದೆಂದರೆ! ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಕೀಲಿ ತೆಗೆದುಕೊಂಡು ಹೊರಗೆ ಹೋದ. ಮುನಿಸಿಕೊಂಡರು ಎಂದುಕೊಂಡು ಅವಳು ಒಂದೊಂದೇ ಲೋಟ ಎತ್ತಿ ನಕ್ಷೆ ಮಡಚತೊಡಗಿದಳು.

ಅಂಗಳದಲ್ಲಿ ಕಾರಿನ ಪಕ್ಕದ ಸೀಟಿನಲ್ಲಿ ಅವನು ಮೊದಲ ಬಾರಿಗೆ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಕಿಟಕಿಯಾಚೆ ನೆರೆಮನೆಯ ಗೋಡೆ, ಅದರ ಮೇಲೊಂದು ಬಳ್ಳಿ, ಬಳ್ಳಿಯಲ್ಲಿ ಸಣ್ಣ ಹಳದಿ ಹೂ. ಇದು ಯಾವಾಗಿನಿಂದ ಇತ್ತು? ತುಸು ಹೊತ್ತು ನೋಡಿದ.

ಆಮೇಲೆ ಇಳಿದು ಆ ಕಡೆಗೆ ಸುತ್ತಿ ಬಂದು, ಡ್ರೈವರ್ ಸೀಟಿನಡಿ ಕೈಹಾಕಿ ಹಿಡಿ ಎಳೆದ. ಸೀಟು ಕಟಕ್ಕೆಂದು ಮುಂದೆ ಸರಿಯಿತು. ಅವಳ ಕಾಲಿನ ಅಳತೆ ನೆನೆದುಕೊಂಡು ಇನ್ನೂ ಒಂದು ಹಲ್ಲು ಮುಂದಕ್ಕೆ ತಳ್ಳಿದ.